ಅಂಕಪಟ್ಟಿಯೂ ವಕೀಲರ ಸಂಸ್ಥೆಯೂ

ಪರೀಕ್ಷೆಯ ಅಂಕಗಳಿಗೆ ಬೆಲೆಯುಂಟೇ ಇಲ್ಲವೇ ಎಂಬ ಚರ್ಚೆ ನಮ್ಮ ಕಾಲೇಜಿನ ಜಗಲಿಯ ಮೇಲೆ ವರ್ಷಕ್ಕೆ ಎರಡು ಬಾರಿಯಾದರೂ ನಡೆಯುತ್ತದೆ. ಫಲಿತಾಂಶ ಬಂದ ವಾರ ಅದು ಕಾವೇರುತ್ತದೆ. ಮುಂದಿನ ವಾರ ತಣ್ಣಗಾಗುತ್ತದೆ. ಒಳ್ಳೆಯ ಅಂಕ ಬಂದವರು ಬೆಲೆಯುಂಟು ಎನ್ನುತ್ತಾರೆ. ಬಾರದವರು ಲೋಕಾನುಭವದ ಮುಂದೆ ಅಂಕವೇನು ಮಹಾ ಎನ್ನುತ್ತಾರೆ. ಎರಡು ಪಕ್ಷದವರೂ ತಮ್ಮ ತಮ್ಮ ಅಂಕಪಟ್ಟಿಯನ್ನು ನೋಡಿಕೊಂಡೇ ವಾದ ಹೂಡುವುದರಿಂದ ವ್ಯಾಜ್ಯ ಇತ್ಯರ್ಥವಾಗುವುದಿಲ್ಲ. ಆದುದರಿಂದ ನಮಗೆ ಲಾಭನಷ್ಟವಿಲ್ಲದ ಒಂದು ದೂರದ ಉದಾಹರಣೆಯನ್ನು ತೆಗೆದುಕೊಂಡು ಈ ಪ್ರಶ್ನೆಯನ್ನು ನೋಡುವುದು ಲೇಸೆಂದು ನನಗೆ ತೋರಿತು. ಅಮೆರಿಕದ ದೊಡ್ಡ ವಕೀಲ ಸಂಸ್ಥೆಗಳಲ್ಲಿ ಕೆಲಸ ಸಿಗಬೇಕಾದರೆ ಅಂಕಗಳು ಎಷ್ಟರ ಮಟ್ಟಿಗೆ ಮುಖ್ಯ ಎಂಬುದೇ ಆ ಉದಾಹರಣೆ. ಅಂಕಕ್ಕೆ ಇಷ್ಟೊಂದು ತೂಕ ಕೊಡುವ ಉದ್ಯೋಗಗಳು ಲೋಕದಲ್ಲಿ ವಿರಳ.

ನಾನು ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ, ಮುಂದೆ ಕಾನೂನು ಓದಬೇಕೆಂಬ ಹಂಬಲವುಳ್ಳವನು. ನನ್ನ ದೊಡ್ಡಪ್ಪನ ಮಗಳೊಬ್ಬಳು ಅಮೆರಿಕದಲ್ಲೇ ಹುಟ್ಟಿ ಬೆಳೆದು ಅಲ್ಲಿಯೇ ವಕೀಲಿ ಮಾಡುತ್ತಿದ್ದಾಳೆ. ಅವಳಿಂದ ಕೇಳಿ ತಿಳಿದುದನ್ನೂ ನಾನಾಗಿ ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು, ದೊಡ್ಡ ವಕೀಲ ಸಂಸ್ಥೆ ಎಂದರೇನು? ನಮ್ಮ ತಾಲ್ಲೂಕು ಕೋರ್ಟಿನ ಎದುರಿಗೆ ಒಂದು ಕೋಣೆ, ಒಂದು ಬೀರು, ಒಬ್ಬ ಗುಮಾಸ್ತ, ಬೆಂಚಿನ ಮೇಲೆ ನಾಲ್ಕು ಜನ ಕಕ್ಷಿಗಾರರು ಇರುವ ವಕೀಲರ ಕಚೇರಿಯನ್ನು ನಾವೆಲ್ಲ ಕಂಡಿದ್ದೇವೆ. ನ್ಯೂಯಾರ್ಕ್, ಷಿಕಾಗೋ, ವಾಷಿಂಗ್ಟನ್ ನಗರಗಳ ದೊಡ್ಡ ಸಂಸ್ಥೆಗಳು ಇದಕ್ಕೆ ತೀರ ಬೇರೆ. ಅಲ್ಲಿ ಒಂದೊಂದು ಸಂಸ್ಥೆಯಲ್ಲಿ ನೂರಾರು, ಕೆಲವದರಲ್ಲಿ ಸಾವಿರಾರು ವಕೀಲರಿರುತ್ತಾರೆ. ಸಂಸ್ಥೆಯ ಲಾಭವನ್ನು ಹಂಚಿಕೊಳ್ಳುವ ಪಾಲುದಾರರು ಒಂದು ವರ್ಗ; ಸಂಬಳಕ್ಕೆ ದುಡಿಯುವ ಕಿರಿಯರು ಇನ್ನೊಂದು ವರ್ಗ. ಕಿರಿಯರನ್ನು ಅಸೋಸಿಯೇಟರು ಎನ್ನುತ್ತಾರೆ. ಕಂಪನಿಗಳು ಒಂದನ್ನೊಂದು ಕೊಳ್ಳುವುದು, ಷೇರು ಸಾಲಪತ್ರಗಳ ವ್ಯವಹಾರ, ಕೋಟ್ಯಂತರ ಡಾಲರುಗಳ ದಾವೆಗಳು – ಇವೇ ಅವರ ಕೆಲಸ. ಇಂತಹ ಸಂಸ್ಥೆಯ ಅನೇಕ ಅಸೋಸಿಯೇಟರು ಮೊದಲ ಕೆಲವು ವರ್ಷ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತದೆ ಇರುವುದೂ ಉಂಟು.

ಸಂಬಳದ ಮಾತು ಹೇಳದಿದ್ದರೆ ವಿಷಯದ ಬಿಸಿ ಓದುಗರಿಗೆ ತಟ್ಟಲಾರದು. ನ್ಯೂಯಾರ್ಕಿನ ಪ್ರಮುಖ ಸಂಸ್ಥೆಯೊಂದು ೧೯೬೮ರಲ್ಲಿ ಹೊಸ ಅಸೋಸಿಯೇಟರ ವಾರ್ಷಿಕ ಸಂಬಳವನ್ನು ೧೫,೦೦೦ ಡಾಲರಿಗೆ ಏರಿಸಿದಾಗ ಇಡೀ ವೃತ್ತಿಯೇ ಬೆಚ್ಚಿತಂತೆ. ಅದು ೨೦೦೭ರ ವೇಳೆಗೆ ೧,೬೦,೦೦೦ ಆಯಿತು. ೨೦೨೩ರ ಕೊನೆಯಲ್ಲಿ ೨,೨೫,೦೦೦ ಡಾಲರಿಗೆ ಮುಟ್ಟಿತು. ಅದೇ ಪದವಿ ಪಡೆದು ಬಡವರ ಪರವಾಗಿ ಸರಕಾರದಿಂದ ನೇಮಕಗೊಂಡು ವಾದಿಸುವ ಹೊಸ ವಕೀಲನಿಗೆ ಸಿಗುವುದು ಸುಮಾರಾಗಿ ಇದರ ಮೂರನೆಯ ಒಂದು ಪಾಲು. ಅಲ್ಲಿನ ಹೊಸ ವಕೀಲರ ಸಂಬಳಗಳನ್ನು ನಕ್ಷೆಯಾಗಿ ಬರೆದರೆ ನಡುವೆ ಒಂದು ಗುಡ್ಡ ಏಳುವುದಿಲ್ಲ. ಎಡಕ್ಕೊಂದು ಬಲಕ್ಕೊಂದು ಎರಡು ಗುಡ್ಡ, ನಡುವೆ ಕಣಿವೆ. ಕಲಿಯುವ ಖರ್ಚೋ ಎಲ್ಲರಿಗೂ ಹೆಚ್ಚುಕಡಮೆ ಒಂದೇ. ಹೆಸರಾದ ಖಾಸಗಿ ಕಾನೂನು ಶಾಲೆಗಳಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ ೭೦,೦೦೦ ಡಾಲರಿಗೆ ಮಿಕ್ಕಿದೆ. ಓದು ಮೂರು ವರ್ಷದ್ದು. ಸಾಲ ಮಾಡಿ ಓದಿದವನು ಯಾವ ಗುಡ್ಡದ ಮೇಲೆ ನಿಂತನೆಂಬುದರ ಮೇಲೆ ಮುಂದಿನ ಹತ್ತು ಹದಿನೈದು ವರ್ಷಗಳ ಬದುಕು ನಿಲ್ಲುತ್ತದೆ.

ಈಗ ಅಂಕಗಳ ವಿಚಾರ. ಅಲ್ಲಿ ಕಾನೂನು ಪದವಿಗೆ ಸೇರಬೇಕಾದರೆ ಮೊದಲು ಯಾವುದಾದರೂ ಒಂದು ಪದವಿ ಮುಗಿಸಿರಬೇಕು. ಇತಿಹಾಸವಾಗಲಿ, ಗಣಿತವಾಗಲಿ, ಸಂಗೀತವಾಗಲಿ ಅಡ್ಡಿಯಿಲ್ಲ. ಮೊದಲ ವರ್ಷ ಎಲ್ಲರಿಗೂ ಬಹುಮಟ್ಟಿಗೆ ಒಂದೇ ಪಾಠಗಳು: ಕರಾರು, ಅಪಕೃತ್ಯ, ಆಸ್ತಿ, ಸಿವಿಲ್ ಪ್ರಕ್ರಿಯೆ, ಅಪರಾಧ ಕಾನೂನು, ರಾಜ್ಯಾಂಗ. ಹಾರ್ವರ್ಡಿನಲ್ಲಿ ೧೮೭೦ರಲ್ಲಿ ಡೀನರಾಗಿ ಬಂದ ಲ್ಯಾಂಗ್‌ಡೆಲ್ ಎಂಬವರು, ಸೂತ್ರಗಳನ್ನು ಉರುಹೊಡೆಸುವ ಬದಲು ನಿಜವಾದ ತೀರ್ಪುಗಳನ್ನೇ ಓದಿಸಿ ಪ್ರಶ್ನೆ ಕೇಳುವ ಪದ್ಧತಿಯನ್ನು ಬಳಕೆಗೆ ತಂದರು. ಇಂದಿಗೂ ಮೊದಲ ವರ್ಷದ ಬೋಧನೆಗೆ ಅದೇ ಬುನಾದಿ. ಅನೇಕ ವಿಷಯಗಳಲ್ಲಿ ಅವಧಿಯ ಕೊನೆಗೆ ಮೂರು ನಾಲ್ಕು ಗಂಟೆಗಳ ಒಂದೇ ಒಂದು ಪರೀಕ್ಷೆ. ಒಂದು ಉದ್ದನೆಯ ಕಥೆ ಕೊಟ್ಟು, ಯಾರು ಯಾರ ಮೇಲೆ ಯಾವ ದಾವೆ ಹೂಡಬಹುದು, ಎದುರು ಪಕ್ಷ ಏನೆಂದು ಉತ್ತರಿಸಬಹುದು ಎಂದು ಕೇಳುತ್ತಾರೆ. ಉತ್ತರ ಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ.

ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ಭೇದವೊಂದಿದೆ. ನಮ್ಮಲ್ಲಿ ಅರವತ್ತು ದಾಟಿದವರಿಗೆಲ್ಲ ಪ್ರಥಮ ದರ್ಜೆ. ತರಗತಿಯವರೆಲ್ಲ ದಾಟಿದರೆ ಎಲ್ಲರಿಗೂ ಪ್ರಥಮ ದರ್ಜೆಯೇ. ಪಕ್ಕದವನ ಅಂಕ ನನ್ನ ಅಂಕವನ್ನು ಕೆಡಿಸದು. ಅಲ್ಲಿನ ಹೆಚ್ಚಿನ ಶಾಲೆಗಳಲ್ಲಿ ಹಾಗಲ್ಲ. ಮೊದಲ ವರ್ಷದ ತರಗತಿಯ ಸರಾಸರಿ ಇಷ್ಟೇ ಇರಬೇಕು, ಮೇಲಿನ ಗ್ರೇಡು ಇಷ್ಟೇ ಜನಕ್ಕೆ ಎಂದು ಮೊದಲೇ ನಿಯಮ ಮಾಡಿರುತ್ತಾರೆ. ಎಂಬತ್ತು ಜನರ ತರಗತಿಯಲ್ಲಿ ಎಂಬತ್ತು ಜನವೂ ಚೆನ್ನಾಗಿ ಬರೆದರೂ ಮೇಲಿನ ಗ್ರೇಡು ಕೆಲವರಿಗೇ. ಹೀಗಾಗಿ ಅಲ್ಲಿನ ಗ್ರೇಡು ಒಬ್ಬನು ಎಷ್ಟು ಬಲ್ಲ ಎಂಬುದನ್ನು ಹೇಳುವುದಕ್ಕಿಂತ ಹೆಚ್ಚಾಗಿ, ಸಾಲಿನಲ್ಲಿ ಎಷ್ಟನೆಯವನಾಗಿ ನಿಂತಿದ್ದಾನೆ ಎಂಬುದನ್ನು ಹೇಳುತ್ತದೆ. ಆಯ್ಕೆ ಮಾಡುವವರಿಗೆ ಬೇಕಾದದ್ದೂ ಅದೇ.

ವಕೀಲರ ಸಂಸ್ಥೆಗಳು ಅಂಕಗಳಿಗೆ ಹೀಗೆ ಜೋತುಬಿದ್ದದ್ದು ಯಾವಾಗಿನಿಂದ? ಹತ್ತೊಂಬತ್ತನೆಯ ಶತಮಾನದಲ್ಲಿ ನೆಂಟಸ್ತಿಕೆ, ಪರಿಚಯ, ಕುಟುಂಬದ ಹೆಸರು ಇವುಗಳ ಬಲದಿಂದ ಹುಡುಗರು ವಕೀಲರ ಕಚೇರಿ ಸೇರುತ್ತಿದ್ದರು. ಸಂಬಳವಿಲ್ಲದೆ ದುಡಿಯುವುದೂ ಇತ್ತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ನ್ಯೂಯಾರ್ಕಿನ ಪಾಲ್ ಕ್ರವಾಥ್ ಎಂಬ ವಕೀಲರು ತಮ್ಮ ಸಂಸ್ಥೆಯಲ್ಲಿ ಒಂದು ಕ್ರಮವನ್ನು ನೆಲೆಗೊಳಿಸಿದರು. ಒಳ್ಳೆಯ ಕಾನೂನು ಶಾಲೆಗಳಿಂದ ಆಗತಾನೆ ಹೊರಬಿದ್ದ, ಮೇಲ್ದರ್ಜೆಯ ಅಂಕ ಪಡೆದ ತರುಣರನ್ನೇ ಆರಿಸುವುದು. ಅವರಿಗೆ ಸಂಬಳ ಕೊಡುವುದು. ಹಿರಿಯರ ಕೈಕೆಳಗೆ ಪಳಗಿಸುವುದು. ಕೆಲವು ವರ್ಷಗಳ ಮೇಲೆ ಯೋಗ್ಯರನ್ನು ಪಾಲುದಾರರನ್ನಾಗಿ ಮಾಡಿ ಉಳಿದವರನ್ನು ಬೇರೆ ಕೆಲಸಕ್ಕೆ ಕಳುಹಿಸುವುದು. ಇತರ ಸಂಸ್ಥೆಗಳೂ ಇದನ್ನೇ ಅನುಸರಿಸಿದವು. ಅಂಕಗಳ ಜೊತೆಗೆ ಅವರು ನೋಡುತ್ತಿದ್ದುದು, ವಿದ್ಯಾರ್ಥಿಗಳೇ ಸಂಪಾದಿಸುವ ಕಾನೂನು ಪತ್ರಿಕೆಯಲ್ಲಿ ಸ್ಥಾನ ದೊರೆತಿದೆಯೇ ಎಂಬುದನ್ನು. ೧೮೮೭ರಲ್ಲಿ ಆರಂಭವಾದ ಹಾರ್ವರ್ಡ್ ಲಾ ರಿವ್ಯೂ ಇಂತಹ ಪತ್ರಿಕೆಗಳಲ್ಲಿ ಹೆಸರಾದುದು. ನೆಂಟಸ್ತಿಕೆಯ ಬದಲು ಅಂಕ ಬಂದದ್ದು ಆ ಕಾಲಕ್ಕೆ ಒಂದು ಸುಧಾರಣೆಯೇ ಸರಿ. ಇದನ್ನು ನಾವು ಮರೆಯಬಾರದು.

ಹಾಗಾದರೆ ಅಂಕದ ತೂಕ ಇಂದು ಇಷ್ಟು ವಿಪರೀತವಾದದ್ದೇಕೆ? ನನಗೆ ತೋರುವ ಉತ್ತರ ಒಂದೇ: ಆರಿಸುವವರ ಆತುರ. ಸಂಸ್ಥೆಗಳು ಪದವಿ ಮುಗಿದ ಮೇಲೆ ಜನರನ್ನು ಆರಿಸುವುದಿಲ್ಲ. ಎರಡನೆಯ ವರ್ಷ ಮುಗಿದು ಬರುವ ಬೇಸಗೆ ರಜೆಯಲ್ಲಿ ಸುಮಾರು ಹತ್ತು ವಾರ ವಿದ್ಯಾರ್ಥಿಗಳನ್ನು ಸಂಬಳ ಕೊಟ್ಟು ಕೆಲಸಕ್ಕೆ ಕರೆಯುತ್ತವೆ. ಹಾಗೆ ಬಂದವರಲ್ಲಿ ಬಹುಪಾಲು ಜನಕ್ಕೆ ಖಾಯಂ ಕೆಲಸದ ಕರೆ ಸಿಗುತ್ತದೆ. ಆದುದರಿಂದ ಆ ಬೇಸಗೆಯ ಕೆಲಸ ಸಿಕ್ಕಿತೆಂದರೆ ಬಾಗಿಲು ತೆರೆದಂತೆಯೇ. ಅದಕ್ಕೆ ಸಂದರ್ಶನಗಳು ಬಹುಕಾಲ ಎರಡನೆಯ ವರ್ಷದ ಆರಂಭದಲ್ಲಿ ನಡೆಯುತ್ತಿದ್ದವು. ಆಗ ವಿದ್ಯಾರ್ಥಿಯ ಕೈಯಲ್ಲಿ ಇರುತ್ತಿದ್ದುದು ಮೊದಲ ವರ್ಷದ ಅಂಕಪಟ್ಟಿ. ಕಾನೂನು ಉದ್ಯೋಗಗಳ ನೇಮಕಕ್ಕೆ ಸಂಬಂಧಿಸಿದ ಅಲ್ಲಿನ ರಾಷ್ಟ್ರೀಯ ಸಂಘವು ಇಂತಿಂಥ ದಿನಕ್ಕಿಂತ ಮೊದಲು ಆತುರಪಡಬೇಡಿ ಎಂದು ಸಂಸ್ಥೆಗಳಿಗೆ ಕಾಲಸೂಚಿ ಹಾಕಿಕೊಟ್ಟಿತ್ತು. ೨೦೧೮ರಲ್ಲಿ ಅದನ್ನು ಕೈಬಿಟ್ಟಿತು. ಅಲ್ಲಿಂದ ಮುಂದೆ ಸಂಸ್ಥೆಗಳು ಒಂದಕ್ಕಿಂತ ಒಂದು ಮುಂಚಿತವಾಗಿ ಓಡತೊಡಗಿದವು. ಈಗ ಮೊದಲ ವರ್ಷ ಮುಗಿಯುವ ಮುನ್ನವೇ ಅರ್ಜಿ ಕರೆಯುವುದುಂಟು. ಆಗ ಕೈಯಲ್ಲಿರುವುದು ಮೊದಲ ಅರ್ಧವರ್ಷದ ಮೂರು ನಾಲ್ಕು ಪತ್ರಿಕೆಗಳ ಗ್ರೇಡು ಮಾತ್ರ.

ಮಿತ್ರರೇ, ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಆ ವಿದ್ಯಾರ್ಥಿ ಇನ್ನೂ ಒಂದು ದಾವೆ ನಡೆಸಿಲ್ಲ, ಒಂದು ಕರಾರು ಬರೆದಿಲ್ಲ, ಒಬ್ಬ ಕಕ್ಷಿಗಾರನೊಡನೆ ಮಾತನಾಡಿಲ್ಲ. ಅವನನ್ನು ಅಳೆಯಲು ಬೇರೆ ಏನಿದೆ? ಅಳತೆಗೆ ಬೇರೇನೂ ಇಲ್ಲದಾಗ ಇರುವುದೊಂದೇ ಅಳತೆ ದೊಡ್ಡದಾಗುತ್ತದೆ. ಭತ್ತ ಹಾಲು ತುಂಬುವ ಮೊದಲೇ ಬೆಳೆಗೆ ಬೆಲೆ ಕಟ್ಟುವವನು ಪೈರಿನ ಎತ್ತರವನ್ನಲ್ಲದೆ ಇನ್ನೇನನ್ನು ನೋಡಿಯಾನು? ಅಂಕ ಅಷ್ಟು ಭಾರವಾಗಿರುವುದು ಅದರೊಳಗೆ ಮನುಷ್ಯನ ಯೋಗ್ಯತೆಯೆಲ್ಲ ಅಡಗಿದೆಯೆಂದಲ್ಲ. ತಕ್ಕಡಿಯಲ್ಲಿ ಇನ್ನಾವ ಬಟ್ಟೂ ಇಲ್ಲವೆಂದು.

ನನ್ನ ಅಕ್ಕನಿಗೆ ಆದದ್ದು ಇದೇ. ಅವಳು ಓದಿದ್ದು ತೀರ ಹೆಸರಾದ ಶಾಲೆಯಲ್ಲ, ತೆಗೆದುಹಾಕುವಂಥದ್ದೂ ಅಲ್ಲ. ಮೊದಲ ಅರ್ಧವರ್ಷದ ಪರೀಕ್ಷೆಯ ವಾರ ಜ್ವರದಲ್ಲಿ ಮಲಗಿ ಎದ್ದು ಬರೆದಳು. ತರಗತಿಯ ನಡುಮಧ್ಯದಲ್ಲಿ ನಿಂತಳು. ಎರಡನೆಯ ವರ್ಷ ಅವಳ ಗ್ರೇಡುಗಳು ಮೇಲಿನ ಸಾಲಿಗೆ ಏರಿದವು. ಆದರೆ ಆ ಹೊತ್ತಿಗೆ ದೊಡ್ಡ ಸಂಸ್ಥೆಗಳ ಆಯ್ಕೆ ಮುಗಿದುಹೋಗಿತ್ತು. "ನನ್ನ ಒಳ್ಳೆಯ ಅಂಕಗಳನ್ನು ಓದುವುದಕ್ಕೆ ಯಾರೂ ಉಳಿದಿರಲಿಲ್ಲ ಕಣೋ" ಎಂದಳು. ಮೂವತ್ತು ವಕೀಲರ ಒಂದು ಸಂಸ್ಥೆಯಲ್ಲಿ ಸೇರಿ ಕಾರ್ಮಿಕರ ದಾವೆಗಳನ್ನು ನಡೆಸುತ್ತಿದ್ದಾಳೆ. ಓದಿನ ಸಾಲ ಇನ್ನೂ ತೀರಿಲ್ಲ.

ಹಾಗೆಂದು ಅಂಕದ ತೂಕ ಎಲ್ಲೆಡೆಯೂ ಒಂದೇ ಅಲ್ಲ. ಮೊದಲನೆಯದಾಗಿ ಶಾಲೆಯ ಹೆಸರು. ಹಾರ್ವರ್ಡ್, ಕೊಲಂಬಿಯ, ಷಿಕಾಗೋ ಇಂತಹ ಶಾಲೆಗಳಲ್ಲಿ ತರಗತಿಯ ನಡುವಿನ ಸಾಲಿನವನಿಗೂ ದೊಡ್ಡ ಸಂಸ್ಥೆಯ ಬಾಗಿಲು ತೆರೆಯುವುದುಂಟು. ಹೆಸರು ಕಡಮೆಯಾದ ಪ್ರಾಂತೀಯ ಶಾಲೆಯಲ್ಲಿ ಮೊದಲ ಕೆಲವರಿಗೆ ಮಾತ್ರ. ಯೇಲ್ ಶಾಲೆಯಲ್ಲಿ ಮೊದಲ ಅವಧಿಗೆ ಗ್ರೇಡೇ ಇಲ್ಲ, ತೇರ್ಗಡೆಯಾದರೆ ಸಾಕು. ಹಾರ್ವರ್ಡ್ ೨೦೦೯ರಲ್ಲಿ ಹಳೆಯ ಅಕ್ಷರದ ಗ್ರೇಡುಗಳನ್ನು ಬಿಟ್ಟು, ವಿಶೇಷ, ತೇರ್ಗಡೆ, ಕೆಳ ತೇರ್ಗಡೆ, ಅನುತ್ತೀರ್ಣ ಎಂಬ ನಾಲ್ಕೇ ಮೆಟ್ಟಿಲುಗಳನ್ನು ಇಟ್ಟುಕೊಂಡಿತು. ಅಂಕಗಳ ಗೊಡವೆ ಬೇಡವೆಂದು ಹೇಳುವ ಧೈರ್ಯ ಈ ಶಾಲೆಗಳಿಗೆ ಎಲ್ಲಿಂದ ಬಂತು? ಅಲ್ಲಿಗೆ ಪ್ರವೇಶ ದೊರೆತುದೇ ಒಂದು ಗ್ರೇಡು. ಆ ಪ್ರವೇಶ ಸಿಗುವುದು ಹಿಂದಿನ ಪದವಿಯ ಅಂಕಗಳಿಂದ ಹಾಗೂ ೧೨೦ರಿಂದ ೧೮೦ರವರೆಗೆ ಅಳೆಯುವ ಎಲ್‌ಸ್ಯಾಟ್ ಎಂಬ ಪ್ರವೇಶ ಪರೀಕ್ಷೆಯಿಂದ. ಅಂಕ ಮಾಯವಾಗಲಿಲ್ಲ, ಒಂದು ಬಾಗಿಲು ಹಿಂದಕ್ಕೆ ಸರಿಯಿತು ಅಷ್ಟೆ.

ಎರಡನೆಯದಾಗಿ ಕೆಲಸದ ಬಗೆ. ಅಲ್ಲಿನ ಪೇಟೆಂಟು ಕಚೇರಿಯ ಮುಂದೆ ಕಕ್ಷಿಗಾರರ ಪರವಾಗಿ ವ್ಯವಹರಿಸುವ ಅನುಮತಿ ಬೇಕಾದರೆ ವಿಜ್ಞಾನ ಅಥವಾ ಎಂಜಿನಿಯರಿಂಗ್ ಓದಿರಬೇಕು. ಅಂಥವರು ಕಡಮೆ, ಆದ್ದರಿಂದ ಅವರ ಕಾನೂನಿನ ಅಂಕ ಸ್ವಲ್ಪ ಹಿಂದೆ ಬಿದ್ದರೂ ಸಂಸ್ಥೆಗಳು ನಡೆಸಿಕೊಳ್ಳುತ್ತವೆ. ಮೂರನೆಯದಾಗಿ ಸಂದರ್ಶನ. ಅಂಕಗಳ ಜರಡಿಯಲ್ಲಿ ಉಳಿದವರನ್ನು ಮೊದಲು ಇಪ್ಪತ್ತು ಮೂವತ್ತು ನಿಮಿಷ ಮಾತನಾಡಿಸುತ್ತಾರೆ. ಆಮೇಲೆ ಮತ್ತೆ ಕರೆದು ನಾಲ್ಕಾರು ವಕೀಲರು ಒಬ್ಬರಾದ ಮೇಲೆ ಒಬ್ಬರು ನೋಡುತ್ತಾರೆ. ಇಲ್ಲಿ ಅಂಕ ಹಿಂದೆ ಸರಿಯುತ್ತದೆ. ರಾತ್ರಿ ಹನ್ನೊಂದು ಗಂಟೆಗೆ ಕಾಗದಗಳ ರಾಶಿಯ ನಡುವೆ ಈ ಮನುಷ್ಯನೊಡನೆ ಕೆಲಸ ಮಾಡಲು ಸಾಧ್ಯವೇ, ಕಕ್ಷಿಗಾರನ ಮುಂದೆ ಇವನನ್ನು ಕೂರಿಸಬಹುದೇ ಎಂಬ ಯೋಚನೆ ಮುಂದೆ ಬರುತ್ತದೆ.

ಆದರೆ ಮುಖ ನೋಡಿ ಮಣೆ ಹಾಕುವ ಅಪಾಯವೂ ಇಲ್ಲಿಯೇ ಉಂಟು. ಸಾಂಡ್ರಾ ಡೇ ಓಕಾನರ್ ಅವರು ೧೯೫೨ರಲ್ಲಿ ಸ್ಟ್ಯಾನ್‌ಫರ್ಡ್ ಶಾಲೆಯಿಂದ ಮೇಲಿನ ಸಾಲಿನಲ್ಲಿ ತೇರ್ಗಡೆಯಾದರು. ಶಾಲೆಯ ಕಾನೂನು ಪತ್ರಿಕೆಯ ಸಂಪಾದಕ ಮಂಡಲಿಯಲ್ಲಿದ್ದವರು. ಹೆಂಗಸೆಂಬ ಕಾರಣಕ್ಕೆ ಯಾವ ಸಂಸ್ಥೆಯೂ ಅವರನ್ನು ವಕೀಲರಾಗಿ ತೆಗೆದುಕೊಳ್ಳಲಿಲ್ಲ; ಒಂದು ಸಂಸ್ಥೆ ಸೆಕ್ರೆಟರಿ ಕೆಲಸದ ಮಾತೆತ್ತಿತು. ಕೊನೆಗೆ ಅವರು ಒಂದು ಜಿಲ್ಲೆಯ ಸರಕಾರಿ ವಕೀಲರ ಕಚೇರಿಯಲ್ಲಿ ಮೊದಮೊದಲು ಸಂಬಳವಿಲ್ಲದೆ ದುಡಿದರು. ರೂತ್ ಬೇಡರ್ ಗಿನ್ಸ್‌ಬರ್ಗ್ ಅವರು ೧೯೫೯ರಲ್ಲಿ ಕೊಲಂಬಿಯ ಶಾಲೆಯಲ್ಲಿ ಪ್ರಥಮ ಸ್ಥಾನವನ್ನು ಇನ್ನೊಬ್ಬರೊಡನೆ ಹಂಚಿಕೊಂಡವರು. ನ್ಯೂಯಾರ್ಕಿನ ಒಂದು ಸಂಸ್ಥೆಯೂ ಅವರಿಗೆ ಕೆಲಸ ಕೊಡಲಿಲ್ಲ. ಮೊದಲಿನವರು ೧೯೮೧ರಲ್ಲಿ, ಎರಡನೆಯವರು ೧೯೯೩ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. ಅಂಕವೇ ಸರ್ವಸ್ವವೆಂದು ಹೇಳುತ್ತಿದ್ದ ಕಾಲದಲ್ಲೇ, ಅಂಕವಿದ್ದರೂ ಬಾಗಿಲು ಮುಚ್ಚಿತ್ತು.

ಇದರಿಂದ ಹೊರಡುವ ಪಾಠ ಸುಲಭವಲ್ಲ. ಅಂಕ ನಿರ್ದಯವೆಂದು ದೂರುವವರು ಒಂದು ಮಾತನ್ನು ನೆನೆಯಬೇಕು: ಉತ್ತರ ಪತ್ರಿಕೆಯ ಮೇಲಿನ ಸಂಖ್ಯೆಗೆ ಜಾತಿಯಿಲ್ಲ, ಲಿಂಗವಿಲ್ಲ, ತಂದೆಯ ಹೆಸರಿಲ್ಲ. ಯಾರ ಪರಿಚಯವೂ ಇಲ್ಲದ ಹುಡುಗನಿಗೆ ಅದೊಂದೇ ಶಿಫಾರಸು ಪತ್ರ. ಅಂಕವನ್ನು ತೆಗೆದುಹಾಕಿದರೆ ಅದರ ಜಾಗಕ್ಕೆ ನ್ಯಾಯ ಬರುತ್ತದೆಂಬ ಭರವಸೆಯಿಲ್ಲ; ಹಳೆಯ ನೆಂಟಸ್ತಿಕೆಯೇ ಹಿಂಬಾಗಿಲಿನಿಂದ ಬಂದು ಕೂತೀತು. ಅಂಕವನ್ನು ಹೊಗಳುವವರೂ ಒಂದು ಮಾತನ್ನು ನೆನೆಯಬೇಕು: ವಕೀಲರ ಮನೆಯ ಹುಡುಗನಿಗೆ ಆ ಪರೀಕ್ಷೆಯನ್ನು ಬರೆಯುವ ಬಗೆ ಮೊದಲೇ ತಿಳಿದಿರುತ್ತದೆ, ಮನೆಯಲ್ಲಿ ಮೊದಲಿಗನಾಗಿ ಓದುವವನಿಗೆ ಅದು ತಿಳಿಯುವ ಹೊತ್ತಿಗೆ ಮೊದಲ ಅವಧಿ ಮುಗಿದಿರುತ್ತದೆ. ದೋಷ ಅಳತೆಯಲ್ಲಿರುವುದಕ್ಕಿಂತ ಅಳೆಯುವ ಹೊತ್ತಿನಲ್ಲಿ ಹೆಚ್ಚು ಇದೆ.

ಬಾಗಿಲು ದಾಟಿದ ಮೇಲೆ ಅಂಕದ ಕಾವು ಇಳಿಯುತ್ತದೆ. ಕಿರಿಯ ವಕೀಲನ ಒಂದೊಂದು ಗಂಟೆಯ ದುಡಿಮೆಯನ್ನೂ ಬರೆದಿಟ್ಟು ಕಕ್ಷಿಗಾರನಿಗೆ ಲೆಕ್ಕ ಕಳುಹಿಸುತ್ತಾರೆ. ವರ್ಷಕ್ಕೆ ಎರಡು ಸಾವಿರ ಗಂಟೆಗಳ ಆಸುಪಾಸಿನ ನಿರೀಕ್ಷೆ ಅನೇಕ ಕಡೆ ಉಂಟು. ಅಲ್ಲಿ ಮೆಚ್ಚುಗೆ ಪಡೆಯುವುದು ತಪ್ಪಿಲ್ಲದ ಬರವಣಿಗೆ, ಹೇಳಿದ ಹೊತ್ತಿಗೆ ಕೊಟ್ಟ ಕೆಲಸ, ನಂಬಿಕೆ. ಪಾಲುದಾರನಾಗಬೇಕಾದರೆ ಕಕ್ಷಿಗಾರರನ್ನು ತರುವ ಶಕ್ತಿ ಬೇಕು. ಅದಕ್ಕೆ ಯಾವ ಶಾಲೆಯಲ್ಲೂ ಪರೀಕ್ಷೆಯಿಲ್ಲ. ನನ್ನ ಅಕ್ಕನನ್ನು ಆರು ವರ್ಷಗಳ ಮೇಲೆ ಒಂದು ದೊಡ್ಡ ಸಂಸ್ಥೆಯವರೇ ಮಾತುಕತೆಗೆ ಕರೆದರು. ಹಳೆಯ ಅಂಕಪಟ್ಟಿಯನ್ನು ಕೇಳಿ ತರಿಸಿಕೊಂಡರಂತೆ. ಆದರೆ ಒಂದು ನಿಮಿಷ ನೋಡಿ ಬದಿಗಿಟ್ಟು, ಒಂದು ಗಂಟೆ ಅವಳು ನಡೆಸಿದ ದಾವೆಗಳ ಬಗ್ಗೆಯೇ ಕೇಳಿದರಂತೆ. ಹೋಗುವುದೋ ಬಿಡುವುದೋ ಎಂಬುದನ್ನು ಅವಳಿನ್ನೂ ತೀರ್ಮಾನಿಸಿಲ್ಲ.

ನಮ್ಮ ದೇಶದ ಕಡೆ ತಿರುಗಿದರೂ ಇದೇ ನಿಯಮ ಕಾಣುತ್ತದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ೧೯೮೮ರಲ್ಲಿ ಪಾಠಗಳು ಆರಂಭವಾದವು. ಅಲ್ಲಿನ ಪ್ರಸಿದ್ಧ ಪದವಿ ಪಿ.ಯು.ಸಿ. ಆದ ಮೇಲೆ ಐದು ವರ್ಷದ್ದು. ನಮ್ಮ ದೇಶದ ದೊಡ್ಡ ಸಂಸ್ಥೆಗಳು ಅಲ್ಲಿಂದ ತರುಣರನ್ನು ಆರಿಸುವಾಗ ಅಂಕ ನೋಡುತ್ತವೆ, ನಿಜ. ಆದರೆ ವಿದ್ಯಾರ್ಥಿಗಳು ಐದು ವರ್ಷಗಳ ರಜೆಗಳಲ್ಲಿ ಬೇರೆ ಬೇರೆ ಕಚೇರಿಗಳಲ್ಲಿ ಕೆಲಸ ಕಲಿತಿರುತ್ತಾರೆ. ಅವರ ಕೆಲಸವನ್ನು ಕಣ್ಣಾರೆ ನೋಡಿಯೇ ಖಾಯಂ ಕರೆ ಕೊಡುವುದೂ ವಾಡಿಕೆ. ನೋಡುವ ಕಾಲ ಹೆಚ್ಚಿದಷ್ಟೂ ಅಂಕದ ಭಾರ ಇಳಿಯುತ್ತದೆ. ಇನ್ನು ನಮ್ಮಂತೆ ಬಿ. ಎ. ಮುಗಿಸಿ ಮೂರು ವರ್ಷದ ಎಲ್‌ಎಲ್.ಬಿ. ಸೇರುವವರಿಗೆ ಬಾರ್ ಕೌನ್ಸಿಲಿನ ೨೦೦೮ರ ನಿಯಮದಂತೆ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡ ೪೫, ಹಿಂದುಳಿದ ವರ್ಗಗಳಿಗೆ ೪೨, ಪರಿಶಿಷ್ಟ ಜಾತಿ ಪಂಗಡಗಳಿಗೆ ೪೦ ಅಂಕ ಇರಬೇಕು. ಅದು ಹೊಸ್ತಿಲು ಮಾತ್ರ. ಮುಂದೆ ತಾಲ್ಲೂಕು ಕೋರ್ಟಿನಲ್ಲಿ ನಿಂತಾಗ ಯಾವ ಕಕ್ಷಿಗಾರನೂ ನಮ್ಮ ಅಂಕಪಟ್ಟಿಯನ್ನು ಕೇಳುವುದಿಲ್ಲ. ಹೋದ ವಾಯಿದೆಗೆ ಬಂದಿದ್ದೆವೇ, ಕಡತ ಓದಿದ್ದೆವೇ ಎಂದು ಕೇಳುತ್ತಾನೆ.

ಆದುದರಿಂದ ಜಗಲಿಯ ಎರಡು ಪಕ್ಷದವರಿಗೂ ನನ್ನ ಬಿನ್ನಹ ಇಷ್ಟು. ನಮ್ಮನ್ನು ಅರಿಯದವರ ಬಾಗಿಲಲ್ಲಿ ಅಂಕಕ್ಕೆ ಬೆಲೆಯುಂಟು, ಅದೂ ಬಹಳ; ಅರಿತವರ ನಡುವೆ ಅದಕ್ಕೆ ಬೆಲೆ ಕಡಮೆ. ಅರಿಯದವರ ಬಾಗಿಲನ್ನು ಬಡಿಯಬೇಕೆಂಬ ಆಸೆಯಿರುವವನು ಮೊದಲ ಅವಧಿಯಿಂದಲೇ, ಮೊದಲ ಪತ್ರಿಕೆಯಿಂದಲೇ ಎಚ್ಚರವಾಗಿರಬೇಕು. ಆಮೇಲೆ ನೋಡಿಕೊಳ್ಳೋಣವೆಂದರೆ ಆಮೇಲೆ ನೋಡುವವರು ಇರಲಿಕ್ಕಿಲ್ಲ. ಹಾಗೆಯೇ, ಒಂದು ಅವಧಿಯ ಅಂಕ ಕಡಮೆಯಾಯಿತೆಂದು ಎದೆಗುಂದಿದ ಗೆಳೆಯನಿಗೆ ನಾವು ಹೇಳಬಹುದಾದ ನಿಜವೂ ಒಂದಿದೆ: ಆ ಅಂಕ ಹೇಳಿದ್ದು ಆ ದಿನ ಅವನು ಸಾಲಿನಲ್ಲಿ ಎಲ್ಲಿ ನಿಂತಿದ್ದ ಎಂಬುದನ್ನು ಮಾತ್ರ, ಅವನು ಎಲ್ಲಿಯವರೆಗೆ ನಡೆಯಬಲ್ಲ ಎಂಬುದನ್ನಲ್ಲ.